ಡಬ್ಬಿಯ ಹೆಸರೂ ಒಳಗಿನ ಎಣ್ಣೆಯೂ

ಅಮೆರಿಕದಲ್ಲಿ ವಾಸಿಸುವವನು, ಅವನು ನ್ಯೂಜೆರ್ಸಿಯಲ್ಲಿ ಮನೆಮಾಡಿದ ಕನ್ನಡಿಗನೇ ಆಗಲಿ ನೆಬ್ರಾಸ್ಕದ ರೈತನೇ ಆಗಲಿ, ತನ್ನ ಕಾರಿನ ಎಂಜಿನ್ನಿಗೆ ಎಣ್ಣೆ ಕೊಳ್ಳಲೆಂದು ದೊಡ್ಡ ಮಳಿಗೆಯನ್ನು ಹೊಕ್ಕಾಗ, ಒಂದು ಸಂದೇಹಕ್ಕೆ ಸಿಲುಕದೆ ಹೊರಬರುವುದು ವಿರಳ. ವಾಲ್‌ಮಾರ್ಟಿನ ಕಪಾಟಿನಲ್ಲಿ ಮೊಬಿಲ್ 1, ಕ್ಯಾಸ್ಟ್ರಾಲ್, ಪೆನ್‌ಜಾಯಿಲ್, ವ್ಯಾಲ್ವೊಲೀನ್ ಎಂಬ ಪ್ರಖ್ಯಾತ ನಾಮಧೇಯಗಳ ಮಗ್ಗುಲಲ್ಲಿಯೇ ಆ ಅಂಗಡಿಯ ಸ್ವಂತ ಹೆಸರಿನ ಸೂಪರ್ ಟೆಕ್ ಡಬ್ಬಿಯು ನಿಂತಿರುವುದು; ಕಾಸ್ಟ್ಕೊ ಮಳಿಗೆಯಲ್ಲಾದರೆ ಕರ್ಕ್‌ಲಂಡ್ ಸಿಗ್ನೇಚರ್ ಎಂಬ ಹೆಸರಿನ ಡಬ್ಬಿ. ಎಲ್ಲದರ ಮೇಲೂ ಸಂಪೂರ್ಣ ಸಂಶ್ಲೇಷಿತ ತೈಲ, ಅಂದರೆ ಫುಲ್ ಸಿಂಥೆಟಿಕ್, ಎಂಬ ಬರಹ. ಎಲ್ಲದರ ಮೇಲೂ 5ಡಬ್ಲ್ಯು-30 ಎಂಬ ಅಂಕಿ. ಬೆನ್ನಿನಲ್ಲಿ ಒಂದೇ ಬಗೆಯ ದುಂಡು ಮುದ್ರೆ. ಭೇದವಿರುವುದು ಬೆಲೆಯಲ್ಲಿ, ಮತ್ತು ಆ ಭೇದವು ಸಣ್ಣದಲ್ಲ.

ಇಂತಹ ಸಂದರ್ಭದಲ್ಲಿ ಜನರು ಸಾಮಾನ್ಯವಾಗಿ ಎರಡು ಪಕ್ಷಗಳಾಗಿ ಒಡೆಯುತ್ತಾರೆ. ಅಗ್ಗದ ಎಣ್ಣೆಯನ್ನು ಹೊಯ್ದು ಸಹಸ್ರಾರು ಡಾಲರುಗಳ ಎಂಜಿನ್ನನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲವೆಂದು ಒಬ್ಬರು. ಎಲ್ಲವೂ ಒಂದೇ ಪೀಪಾಯಿಯಿಂದ ಇಳಿದುಬಂದದ್ದು, ಹೆಚ್ಚಿನ ಹಣವೆಲ್ಲ ಜಾಹೀರಾತಿನ ಖರ್ಚಿಗೆ ಹೋಗುವುದೆಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲಿಯೂ ಅಷ್ಟಿಷ್ಟು ಸತ್ಯವುಂಟು. ಆದರೆ ಆ ಸತ್ಯವೆಲ್ಲಿ ಕೊನೆಗೊಳ್ಳುವುದೆಂದು ತಿಳಿಯಬೇಕಾದರೆ, ಡಬ್ಬಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಎಂಜಿನ್ನಿನೊಳಗೆ ಎಣ್ಣೆಯು ನಿಜವಾಗಿ ಮಾಡುವ ಕೆಲಸವನ್ನು ನೋಡಬೇಕು.

ತೇಲುವ ದಂಡ

ಎಣ್ಣೆಯು ಲೋಹದ ಮೈಯನ್ನು ಜಾರುವಂತೆ ಮಾಡುವುದರಿಂದ ಸವೆತವು ಕಡಿಮೆಯಾಗುವುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದು ಹೇಗೆ ಜಾರಿಸುತ್ತದೆಂಬುದು 1883ರವರೆಗೂ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆ ವರ್ಷ ಬೀಚಮ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರನು, ಅಲ್ಲಿಯ ಯಂತ್ರಶಿಲ್ಪಿಗಳ ಸಂಘದ ಪರವಾಗಿ, ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದಾಗ, ಎಣ್ಣೆಯು ಒಳಗೆ ಇಳಿಯುವುದಕ್ಕೆ ಬದಲಾಗಿ ಆ ರಂಧ್ರದಿಂದ ಮೇಲಕ್ಕೆ ಉಕ್ಕತೊಡಗಿತು. ಬೆಂಡಿನ ಬಿರಡೆಯನ್ನು ತುರುಕಿದನು. ಅದು ಹೊರಕ್ಕೆ ಬಂದಿತು. ಮರದ ಬೆಣೆಯನ್ನು ಬಡಿದನು. ಅದೂ ಮೆಲ್ಲನೆ ಮೇಲೆದ್ದಿತು. ಕೊನೆಗೆ ಒತ್ತಡದ ಮಾಪಕವನ್ನೇ ಅಲ್ಲಿ ಜೋಡಿಸಿ ನೋಡಲಾಗಿ, ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರವು ಚದರಂಗುಲಕ್ಕೆ 100 ಪೌಂಡುಗಳಾಗಿದ್ದರೆ, ಎಣ್ಣೆಯ ಒತ್ತಡವು 200ನ್ನು ಮೀರಿತ್ತು.

ಮೂರು ವರ್ಷಗಳ ಅನಂತರ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿಯು ಈ ವಿಚಿತ್ರದ ರಹಸ್ಯವನ್ನು ಬಿಡಿಸಿದನು. ತಿರುಗುವ ದಂಡವು ತನ್ನ ಮನೆಯ ಸರಿಯಾದ ಮಧ್ಯದಲ್ಲಿ ನಿಲ್ಲದೆ ತುಸು ಒಂದು ಕಡೆಗೆ ಸರಿದು ನಿಲ್ಲುವುದರಿಂದ, ಅದರ ಸುತ್ತಲಿನ ಸಂದು ಒಂದೆಡೆ ಅಗಲವಾಗಿಯೂ ಇನ್ನೊಂದೆಡೆ ಕಿರಿದಾಗಿಯೂ ಇರುವುದು. ದಂಡದ ಮೈಗೆ ಅಂಟಿಕೊಂಡ ಎಣ್ಣೆಯು ಅದರೊಡನೆ ಸುತ್ತುತ್ತ ಅಗಲವಾದ ಎಡೆಯಿಂದ ಕಿರಿದಾದ ಎಡೆಗೆ ಎಳೆಯಲ್ಪಟ್ಟು, ಮುಂದೆ ಹೋಗಲು ಸ್ಥಳ ಸಾಲದೆ, ಹಿಂದಕ್ಕೆ ಸರಿಯಲೂ ಅವಕಾಶವಿಲ್ಲದೆ, ಅಲ್ಲಿ ಒತ್ತರಿಸಿ ನಿಂತು ದಂಡವನ್ನೇ ಮೇಲಕ್ಕೆತ್ತುವುದು. ಹೀಗೆ ದಂಡವು ತನ್ನ ಭ್ರಮಣದಿಂದಲೇ ತನಗೆ ಬೇಕಾದ ಆಧಾರವನ್ನು ಸೃಷ್ಟಿಸಿಕೊಂಡು ಎಣ್ಣೆಯ ಮೇಲೆ ತೇಲುತ್ತದೆ. ಕಾರಿನ ಎಂಜಿನ್ನಿನ ಕ್ರ್ಯಾಂಕ್ ದಂಡವೂ ಓಡುವಷ್ಟು ಹೊತ್ತು ಹೀಗೆಯೇ ತೇಲುತ್ತಿರುವುದು. ನಡುವಿನ ಎಣ್ಣೆಯ ಪೊರೆಯು ಕೂದಲೆಳೆಯ ಹತ್ತರಲ್ಲೊಂದು ಪಾಲಿಗಿಂತಲೂ ತೆಳುವಾದರೂ ಲೋಹವು ಲೋಹವನ್ನು ಮುಟ್ಟುವುದಿಲ್ಲ.

ನಮ್ಮ ಪ್ರಶ್ನೆಗೆ ಇದರಿಂದ ದೊರೆಯುವ ಮೊದಲನೆಯ ಉತ್ತರವು ಅಗ್ಗದ ಪಕ್ಷದವರಿಗೆ ಸಂತೋಷಕರವಾದದ್ದು. ದಂಡವನ್ನು ತೇಲಿಸುವ ಗುಣವು ಎಣ್ಣೆಯ ಸ್ನಿಗ್ಧತೆ, ಎಂದರೆ ಅದು ಎಷ್ಟು ಮಂದವಾಗಿ ಹರಿಯುವುದೆಂಬುದು. ತಯಾರಕನು ಯಾರೆಂಬುದನ್ನು ಆ ಪೊರೆಯು ವಿಚಾರಿಸುವುದಿಲ್ಲ. ಆ ಸ್ನಿಗ್ಧತೆಯನ್ನೇ 5ಡಬ್ಲ್ಯು-30 ಎಂಬ ಸಂಕೇತವು ಹೇಳುತ್ತದೆ. ಮೊದಲ ಭಾಗವು ಚಳಿಗಾಲಕ್ಕೆ ಸಂಬಂಧಿಸಿದ್ದು: ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಶೈತ್ಯದಲ್ಲಿಯೂ ಎಂಜಿನ್ನು ತಿರುಗಲು ಅಡ್ಡಿಯಾಗುವಷ್ಟು ಎಣ್ಣೆ ಗಟ್ಟಿಯಾಗಬಾರದು. ಎರಡನೆಯದು 100 ಡಿಗ್ರಿಯ ಕಾವಿನಲ್ಲಿ ಉಳಿಯಬೇಕಾದ ಮಂದತೆಯ ಮೇರೆ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವಾದ ಎಸ್‌ಎಇ ಈ ಮೇರೆಗಳನ್ನು ನಿಗದಿ ಮಾಡಿದೆ. ಅವುಗಳ ಒಳಗೆ ಅಷ್ಟಿಷ್ಟು ಆಚೀಚೆಯಾಗಬಹುದೇ ಹೊರತು, ಹೊರಗೆ ಹೋದ ಎಣ್ಣೆಗೆ ಆ ಸಂಕೇತವನ್ನು ಧರಿಸುವ ಹಕ್ಕಿಲ್ಲ.

ತೇಲದ ಎಡೆಗಳು

ಎಂಜಿನ್ನಿನ ಎಲ್ಲ ಅಂಗಗಳೂ ಹೀಗೆ ತೇಲುತ್ತಿದ್ದರೆ ಈ ಅಧ್ಯಾಯವನ್ನು ಇಲ್ಲಿಯೇ ಮುಗಿಸಬಹುದಾಗಿತ್ತು. ಪಿಸ್ಟನ್ನಿನ ಬಳೆಗಳು ಸಿಲಿಂಡರಿನ ತುತ್ತತುದಿಗೆ ಹೋಗಿ ದಿಕ್ಕು ಬದಲಾಯಿಸುವ ಕ್ಷಣದಲ್ಲಿ ಅವುಗಳ ವೇಗವು ಶೂನ್ಯವಾಗುವುದು; ವೇಗವಿಲ್ಲದಲ್ಲಿ ಎಣ್ಣೆಯನ್ನು ಒಳಕ್ಕೆಳೆಯುವ ಶಕ್ತಿಯೂ ಇಲ್ಲ. ವಾಲ್ವುಗಳನ್ನು ಒತ್ತುವ ಕ್ಯಾಮ್‌ಗಳ ಮೂಗಿನ ಮೇಲೆ ಭಾರವೆಲ್ಲ ಒಂದು ಸಣ್ಣ ಗೆರೆಯಷ್ಟು ಜಾಗದಲ್ಲಿ ಕೂಡುವುದು. ಬೆಳಗ್ಗೆ ಎಂಜಿನ್ನನ್ನು ಚಾಲೂ ಮಾಡಿದಾಗ ದಂಡವು ಇನ್ನೂ ತಿರುಗಲು ತೊಡಗಿರುವುದೇ ಇಲ್ಲ. ಇಂತಹ ಎಡೆಗಳಲ್ಲಿ ಪೊರೆಯು ಹರಿದುಹೋಗಿ ಲೋಹವು ಲೋಹಕ್ಕೆ ತಾಗುತ್ತದೆ.

ಇಲ್ಲಿ ಕಾಪಾಡುವ ದ್ರವ್ಯವೊಂದುಂಟು. ಸತು, ರಂಜಕ, ಗಂಧಕಗಳನ್ನೊಳಗೊಂಡ ಅದರ ರಾಸಾಯನಿಕ ನಾಮವು ಬಾಯಲ್ಲಿ ಹಿಡಿಸದಷ್ಟು ಉದ್ದವಾದುದರಿಂದ ಎಣ್ಣೆಯ ವ್ಯವಹಾರದಲ್ಲಿ ಅದನ್ನು ಸುಮ್ಮನೆ ‘ಜಿಂಕ್’ ಎಂದು ಕರೆಯುವರು. 1940ರ ದಶಕದಲ್ಲಿ ಅದನ್ನು ಎಣ್ಣೆಗೆ ಸೇರಿಸತೊಡಗಿದಾಗ, ಬೇರಿಂಗುಗಳು ಆಮ್ಲದಿಂದ ಕೊರೆದುಹೋಗದಿರಲಿ ಎಂಬುದಷ್ಟೇ ಉದ್ದೇಶವಾಗಿತ್ತು. ಸವೆತವನ್ನು ತಡೆಯುವ ಅದರ ಹಿರಿಯ ಗುಣವು ಅನಂತರ ಬೆಳಕಿಗೆ ಬಂದಿತು. ಎಣ್ಣೆಯಲ್ಲಿ ಕರಗಿರುವಾಗ ಅದು ನಿರುದ್ಯೋಗಿಯಾಗಿರುವುದು. ಲೋಹಗಳು ಪರಸ್ಪರ ಉಜ್ಜಿ ಕಾವು ಒತ್ತಡಗಳೆರಡೂ ಏರಿದೊಡನೆ, ಆ ಏರಿದ ಸ್ಥಳದಲ್ಲಿಯೇ, ಅದರ ಅಣುಗಳು ಒಡೆದು ಉಕ್ಕಿನ ಮೈಯ ಮೇಲೆ ಗಾಜಿನಂತಹ ಒಂದು ಫಾಸ್ಫೇಟ್ ಪದರವಾಗಿ ಕೂಡುತ್ತವೆ. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಮಾತ್ರ ದಪ್ಪವಿರುವ ಈ ಪದರವು ಉಕ್ಕಿಗಿಂತ ಮೃದು. ಉಜ್ಜಾಟದಲ್ಲಿ ಉಕ್ಕಿಗೆ ಬದಲಾಗಿ ಅದು ಸವೆಯುತ್ತದೆ, ಸವೆದಲ್ಲಿ ಮತ್ತೆ ಬೆಳೆಯುತ್ತದೆ. ಅಪಾಯವೆಲ್ಲಿಯೋ ಅಲ್ಲಿಯೇ ಹುಟ್ಟುವ ರಕ್ಷೆ. ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚತುರವಾದ ಏರ್ಪಾಟುಗಳನ್ನು ನಾನು ಹೆಚ್ಚು ಕಂಡಿಲ್ಲ.

ಹಾಗಾದರೆ ಬೆಲೆಯುಳ್ಳ ಎಣ್ಣೆಯಲ್ಲಿ ಜಿಂಕ್ ಹೆಚ್ಚಾಗಿಯೂ ಅಗ್ಗದ್ದರಲ್ಲಿ ಕಡಿಮೆಯಾಗಿಯೂ ಇರುವುದೆ? ಇರಲಾರದು. ಅದರಲ್ಲಿನ ರಂಜಕವು ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ವಿಷಪ್ರಾಯ. ಆದುದರಿಂದ, ಇಂದಿನ ಪೆಟ್ರೋಲು ಕಾರುಗಳು ಬಳಸುವ 5ಡಬ್ಲ್ಯು-30ರಂತಹ ತೆಳು ಎಣ್ಣೆಗಳಲ್ಲಿ ರಂಜಕದ ಪ್ರಮಾಣವು ನೂರಕ್ಕೆ 0.06ಕ್ಕಿಂತ ಕಡಿಮೆಯಾಗಬಾರದು, 0.08ನ್ನು ಮೀರಲೂ ಬಾರದು ಎಂಬ ನಿಯಮವಿದೆ. ಹೆಸರಾಂತ ಎಣ್ಣೆಯೂ ಅಂಗಡಿಯ ಎಣ್ಣೆಯೂ ಈ ಇಕ್ಕಟ್ಟಾದ ಓಣಿಯಲ್ಲಿಯೇ ನಡೆಯಬೇಕು.

ಸಂಶ್ಲೇಷಿತ ಎಂಬ ಬಿರುದು

ಡಬ್ಬಿಯೊಳಗೆ ಬಹುಪಾಲು ಇರುವುದು ಮೂಲತೈಲ. ಭೂಮಿಯಿಂದ ಬಂದ ಕಚ್ಚಾತೈಲದ ಅಣುಗಳಲ್ಲಿ ಉದ್ದ, ಗಿಡ್ಡ, ಬಳೆಯಾಕಾರ ಎಂದು ನಾನಾ ಆಕೃತಿಗಳಿರುವುದರಿಂದ, ಕೆಲವು ಚಳಿಗೆ ಮೇಣವಾಗಿ ಹೆಪ್ಪುಗಟ್ಟುವುವು, ಕೆಲವು ಕಾವಿಗೆ ಬೇಗನೆ ಕೆಡುವುವು. ಒಂದೇ ಅಚ್ಚಿನ ಅಣುಗಳನ್ನು ಕಾರ್ಖಾನೆಯಲ್ಲಿಯೇ ಕಟ್ಟಿ ತೆಗೆದರೆ ಈ ದೋಷಗಳು ಕಡಿಮೆಯಾಗುವುವೆಂಬ ತತ್ತ್ವದ ಮೇಲೆ ಪಾಲಿಆಲ್ಫಾಓಲೆಫಿನ್ ಎಂಬ ಮೂಲತೈಲವು ಹುಟ್ಟಿತು. 1970ರ ದಶಕದ ನಡುವೆ ಪೇಟೆಗೆ ಬಂದ ಮೊಬಿಲ್ 1 ಅದನ್ನು ಜನಪ್ರಿಯಗೊಳಿಸಿತು.

ಆದರೆ ಇದೇ ಗುರಿಗೆ ಇನ್ನೊಂದು ದಾರಿಯೂ ಇದೆ. ಕಚ್ಚಾತೈಲದಿಂದ ಬಂದ ಭಾರವಾದ ಅಂಶವನ್ನೇ ಅತಿಯಾದ ಒತ್ತಡದಲ್ಲಿ ಜಲಜನಕದೊಡನೆ ಬೇಯಿಸಿ, ಅದರ ಗಂಧಕವನ್ನು ಕಳೆದು, ಮೇಣದ ಅಣುಗಳನ್ನು ಕವಲೊಡೆದ ಅಣುಗಳನ್ನಾಗಿ ಪರಿವರ್ತಿಸಿದರೆ, ಅದರ ನಡತೆಯು ಕಟ್ಟಿ ತೆಗೆದ ತೈಲಕ್ಕೆ ಬಹುಮಟ್ಟಿಗೆ ಸಮವಾಗುವುದು. ಎಣ್ಣೆಯ ವರ್ಗೀಕರಣದಲ್ಲಿ ಇದು ಮೂರನೆಯ ಗುಂಪು, ಪಾಲಿಆಲ್ಫಾಓಲೆಫಿನ್ ನಾಲ್ಕನೆಯದು. ಕ್ಯಾಸ್ಟ್ರಾಲ್ ಕಂಪನಿಯು ತನ್ನ ಸಿಂಟೆಕ್ ಎಣ್ಣೆಯಲ್ಲಿ ನಾಲ್ಕನೆಯ ಗುಂಪನ್ನು ಬಿಟ್ಟು ಮೂರನೆಯದನ್ನು ಬಳಸಿಯೂ ಅದನ್ನು ಸಂಶ್ಲೇಷಿತವೆಂದೇ ಮಾರಲು, ಮೊಬಿಲ್ ಕಂಪನಿಯು ದೂರಿತ್ತಿತು. ಅಮೆರಿಕದ ಜಾಹೀರಾತು ಉದ್ಯಮದ ವಿಚಾರಣಾ ಮಂಡಲಿಯು 1999ರಲ್ಲಿ ಕ್ಯಾಸ್ಟ್ರಾಲಿನ ಪರವಾಗಿ ತೀರ್ಪು ನೀಡಿತು. ಅಂದಿನಿಂದ ಅಮೆರಿಕದ ಪೇಟೆಯಲ್ಲಿ ಅಗ್ಗದ ಡಬ್ಬಿಗೂ ದುಬಾರಿ ಡಬ್ಬಿಗೂ ಆ ಬಿರುದು ಸಮಾನವಾಗಿ ಸಲ್ಲುತ್ತದೆ. ಹೆಸರಾಂತ ಕಂಪನಿಗಳ ಎಷ್ಟೋ ಸಂಶ್ಲೇಷಿತ ತೈಲಗಳೂ ಮೂರನೆಯ ಗುಂಪಿನವೇ. ಪೆನ್‌ಜಾಯಿಲಿನ ಒಡೆಯರಾದ ಶೆಲ್‌ನವರು ಕತಾರಿನ ಸ್ಥಾವರದಲ್ಲಿ ನೈಸರ್ಗಿಕ ಅನಿಲದಿಂದ ಮೂಲತೈಲವನ್ನು ತಯಾರಿಸುವುದು ಸೋಜಿಗದ ವಿದ್ಯೆಯೇ ಸರಿ; ಆದರೆ ಅದೂ ಅದೇ ಮೂರನೆಯ ಗುಂಪಿಗೆ ಸೇರುತ್ತದೆ.

ಪುಡಿ ಮಾಡುವವರು ನಾಲ್ವರು

ಮೂಲತೈಲವೊಂದರಿಂದಲೇ ಎಂಜಿನ್ ಎಣ್ಣೆಯಾಗದು. ಅದಕ್ಕೆ ನೂರಕ್ಕೆ ಹತ್ತರಿಂದ ಇಪ್ಪತ್ತೈದು ಭಾಗದವರೆಗೆ ಸೇರ್ಪಡೆ ದ್ರವ್ಯಗಳು ಕೂಡಬೇಕು: ಆಗಲೇ ಹೇಳಿದ ಜಿಂಕ್, ಆಮ್ಲವನ್ನು ತಣಿಸುವ ಕ್ಷಾರೀಯ ಮಾರ್ಜಕ, ಮಸಿಯ ಕಣಗಳು ಒಂದಕ್ಕೊಂದು ಅಂಟಿ ಕೆಸರಾಗದಂತೆ ಬಿಡಿಬಿಡಿಯಾಗಿ ತೇಲಿಸುವ ದ್ರವ್ಯ, ನೊರೆಯನ್ನು ಅಡಗಿಸುವುದು, ಹಳಸದಂತೆ ಕಾಯುವುದು, ಕಾವಿನಲ್ಲಿ ತೀರ ನೀರಾಗದಂತೆ ಹಿಡಿದಿಡುವ ಪಾಲಿಮರು. ಇವುಗಳ ಪಾಕವು ಸೂಕ್ಷ್ಮವಾದದ್ದು. ಟರ್ಬೊ ಜೋಡಿಸಿದ ಸಣ್ಣ ಎಂಜಿನ್ನುಗಳು ಬಳಕೆಗೆ ಬಂದಾಗ, ಇಂಧನವು ಕಿಡಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ನುಗಳು ಒಡೆಯತೊಡಗಿದುವು. ಹುಡುಕಿ ನೋಡಿದರೆ, ಮಾರ್ಜಕದಲ್ಲಿದ್ದ ಕ್ಯಾಲ್ಸಿಯಮ್ಮಿಗೂ ಅದರಲ್ಲಿ ಪಾತ್ರವಿತ್ತು. ಅದರ ಒಂದಂಶವನ್ನು ತೆಗೆದು ಮೆಗ್ನೀಸಿಯಮ್ಮನ್ನು ಹಾಕಿದ ಮೇಲೆ ಉಪದ್ರವವು ಇಳಿಯಿತು. 2020ರಲ್ಲಿ ಜಾರಿಗೆ ಬಂದ ಎಸ್‌ಪಿ ಎಂಬ ದರ್ಜೆಗೆ ಇದರ ಪರೀಕ್ಷೆಯೂ ಸೇರಿದೆ.

ಇಷ್ಟು ನಾಜೂಕಾದ ಪಾಕವನ್ನು ಪ್ರತಿಯೊಬ್ಬ ಎಣ್ಣೆ ವ್ಯಾಪಾರಿಯೂ ತಾನೇ ಕಂಡುಹಿಡಿಯುವನೆಂದು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಜಗತ್ತಿನ ಎಂಜಿನ್ ಎಣ್ಣೆಗಳಿಗೆ ಬೇಕಾದ ಸೇರ್ಪಡೆಯ ಮಿಶ್ರಣವನ್ನು ಬಹುಪಾಲು ಒದಗಿಸುವವರು ನಾಲ್ಕೇ ಮಂದಿ: ಲೂಬ್ರಿಜಾಲ್, ಇನ್ಫಿನಿಯಮ್, ಆಫ್ಟನ್ ಮತ್ತು ಶೆವ್ರಾನ್ ಒರೊನೈಟ್. ನಮ್ಮಲ್ಲಿ ಮದುವೆಯ ಊಟಕ್ಕೆ ಬೇಳೆ ತರಕಾರಿಗಳನ್ನು ಮನೆಯವರು ತಮಗೆ ಬೇಕಾದ ಅಂಗಡಿಯಿಂದ ತಂದರೂ ಹುಳಿಪುಡಿಯನ್ನು ಕೈಪಳಗಿದ ಒಬ್ಬರ ಮನೆಯಿಂದಲೇ ತರಿಸುವ ವಾಡಿಕೆ ಇದೆಯಷ್ಟೆ. ಬಡಿಸುವವರು ಯಾರಾದರೇನು, ರುಚಿ ಆ ಪುಡಿಯದು. ಎಣ್ಣೆಯ ವ್ಯವಹಾರವೂ ಹೆಚ್ಚುಕಡಿಮೆ ಹೀಗೆಯೇ ನಡೆಯುವುದು. ಈ ನಾಲ್ವರಲ್ಲಿ ಒಬ್ಬರು ಸಿದ್ಧಪಡಿಸಿದ ಮಿಶ್ರಣವನ್ನು ಕೊಂಡು, ಅವರು ಹೇಳಿದ ಮೂಲತೈಲದಲ್ಲಿ, ಹೇಳಿದ ಪ್ರಮಾಣದಲ್ಲಿ ಕಲಸಿದವನಿಗೆ ಸಿದ್ಧವಾದ ಎಣ್ಣೆಯ ಜೊತೆಗೆ ಅದರ ಪರೀಕ್ಷೆಯ ಫಲವೂ ದೊರೆಯುತ್ತದೆ.

ಆ ಪರೀಕ್ಷೆಗಳು ಕಾಗದದ ಮೇಲಿನವಲ್ಲ. ನಿಜವಾದ ಎಂಜಿನ್ನುಗಳನ್ನು ಪೀಠದ ಮೇಲೆ ಓಡಿಸಿ, ಬಿಚ್ಚಿ, ಕೆಸರನ್ನೂ ಸವೆತವನ್ನೂ ಅಳೆಯುತ್ತಾರೆ. ಹಳಸುವಿಕೆಯನ್ನು ಅಳೆಯಲು ಕ್ರೈಸ್ಲರಿನ 3.6 ಲೀಟರ್ ಎಂಜಿನ್ನಿನಲ್ಲಿ ಎಣ್ಣೆಯನ್ನು 150 ಡಿಗ್ರಿಯ ಆಸುಪಾಸಿಗೆ ಕಾಯಿಸಿ 90 ಗಂಟೆಗಳ ಕಾಲ ಓಡಿಸುವುದುಂಟು. ಕ್ಯಾಮಿನ ಸವೆತಕ್ಕೆ ಟೊಯೊಟಾ ಎಂಜಿನ್ನು. ಕೆಸರಿಗೂ ಅಕಾಲದ ಜ್ವಲನಕ್ಕೂ ಫೋರ್ಡಿನವು. ಪರೀಕ್ಷೆಗಳ ಇಡೀ ಸರಣಿಗೆ ಲಕ್ಷಗಟ್ಟಲೆ ಡಾಲರು ತಗಲುವುದರಿಂದ ಅಂಗಡಿಯ ಎಣ್ಣೆಯವನು ಅದನ್ನು ಹೊಸದಾಗಿ ಮಾಡಿಸುವುದಿಲ್ಲ, ಮಾಡಿಸಬೇಕಾಗಿಯೂ ಇಲ್ಲ. ಒಂದು ಪಾಕದ ಫಲವನ್ನು ಸಮೀಪದ ಇನ್ನೊಂದು ಮೂಲತೈಲಕ್ಕೆ ಯಾವಾಗ ಅನ್ವಯಿಸಬಹುದು, ಯಾವಾಗ ಮತ್ತೆ ಪರೀಕ್ಷೆ ಬೇಕು ಎಂಬುದಕ್ಕೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದೆ. ಕರ್ಕ್‌ಲಂಡ್ ಎಣ್ಣೆಯನ್ನು ನೆಬ್ರಾಸ್ಕದ ಒಮಾಹಾ ನಗರದ ವಾರನ್ ಡಿಸ್ಟ್ರಿಬ್ಯೂಷನ್ ಎಂಬ ಸಂಸ್ಥೆಯು ತಯಾರಿಸಿಕೊಡುವುದು. ಜಾಹೀರಾತಿನಲ್ಲಿ ಅದರ ಹೆಸರನ್ನು ಕೇಳಿದವರು ಕಡಿಮೆ. ಮೋಟಾರು ಪಂದ್ಯಗಳಿಗೆ ಹಣ ಸುರಿಯುವ ಗೋಜು ಅಂಗಡಿಯ ಎಣ್ಣೆಗಿಲ್ಲ. ಬೆಲೆಯ ಭೇದದ ಒಂದು ದೊಡ್ಡ ಪಾಲು ಅಲ್ಲಿದೆ.

ಮುದ್ರೆಯ ಒಳಗೂ ಹೊರಗೂ

ಹೀಗೆಂದು ಎರಡೂ ಡಬ್ಬಿಗಳಲ್ಲಿರುವುದು ಒಂದೇ ಎಣ್ಣೆಯೆಂದು ಹೇಳಿದರೆ ಅದು ತಪ್ಪಾಗುವುದು. ಡಬ್ಬಿಯ ಬೆನ್ನಿನಲ್ಲಿರುವ ಆ ದುಂಡು ಎಪಿಐ ಮುದ್ರೆಯು ಕನಿಷ್ಠದ ಭರವಸೆ. ಇದಕ್ಕಿಂತ ಕೀಳಾಗಿಲ್ಲವೆಂದು ಅದು ಹೇಳುವುದೇ ಹೊರತು ಇದಕ್ಕಿಂತ ಮೇಲಾಗಿಲ್ಲವೆಂದು ಹೇಳುವುದಿಲ್ಲ. ದೀರ್ಘಾವಧಿಗೆ ಎಣ್ಣೆ ಬದಲಿಸದೆ ಓಡಿಸಬಹುದೆಂದು ಪ್ರಕಟಿಸುವ ಕೆಲವು ಹೆಸರಾಂತ ಎಣ್ಣೆಗಳಲ್ಲಿ ಹಳಸುವಿಕೆಯನ್ನು ತಡೆಯುವ ದ್ರವ್ಯವೂ ಮಾರ್ಜಕವೂ ಹೆಚ್ಚಾಗಿರಬಹುದು. ಅಂತಹ ಓಟವನ್ನು ಓಡಿಸುವವನಿಗೆ ಅದು ಪ್ರಯೋಜನಕ್ಕೆ ಬರುವುದು. ಕಾರಿನ ಕೈಪಿಡಿಯು ಹೇಳಿದ ಅವಧಿಗೇ ಎಣ್ಣೆ ಬದಲಿಸುವವನಿಗೆ, ಬಳಸದೆ ಚೆಲ್ಲುವ ದ್ರವ್ಯಕ್ಕೆ ತೆತ್ತ ಹಣವಾಗುವುದು.

ಇನ್ನೊಂದು ಭೇದವು ಇದಕ್ಕಿಂತ ಮುಖ್ಯವಾದದ್ದು. ಬಿಎಂಡಬ್ಲ್ಯು, ಮರ್ಸಿಡಿಸ್, ಫೋಕ್ಸ್‌ವ್ಯಾಗನ್ ಮೊದಲಾದ ಐರೋಪ್ಯ ಕಂಪನಿಗಳು ಎಪಿಐ ಮುದ್ರೆಯಷ್ಟರಿಂದ ತೃಪ್ತವಾಗದೆ ತಮ್ಮದೇ ಪರೀಕ್ಷೆಗಳನ್ನು ನಡೆಸಿ ಅನುಮೋದನೆಯ ಸಂಖ್ಯೆಗಳನ್ನು ಕೊಡುತ್ತವೆ; ಜನರಲ್ ಮೋಟಾರ್ಸ್‌ಗೆ ಡೆಕ್ಸೋಸ್ ಎಂಬ ತನ್ನದೇ ಪರವಾನಗಿಯಿದೆ. ಕೈಪಿಡಿಯಲ್ಲಿ ಅಂತಹ ಸಂಖ್ಯೆಯಿದ್ದರೆ ಡಬ್ಬಿಯ ಮೇಲೆಯೂ ಅದೇ ಸಂಖ್ಯೆ ಇರಲೇಬೇಕು. ಇಲ್ಲಿ ಪದಗಳನ್ನು ಎಚ್ಚರದಿಂದ ಓದತಕ್ಕದ್ದು: ಇಂತಹ ಕಾರಿಗೆ ಅನುಮೋದಿತವೆಂಬುದು ಆ ಕಂಪನಿಯ ಮಾತು, ಇಂತಹ ಕಾರಿಗೆ ಯೋಗ್ಯವೆಂಬುದು ಎಣ್ಣೆ ಮಾರುವವನ ಮಾತು.

ಅಗ್ಗವೆಲ್ಲವೂ ನಿರ್ದೋಷವೆಂಬ ಪಕ್ಷದವರು ಡಾಲರ್ ಜನರಲ್ ಎಂಬ ಸರಪಳಿ ಅಂಗಡಿಯ ವೃತ್ತಾಂತವನ್ನೂ ತಿಳಿದಿರಬೇಕು. ಅದು ಡಿಜಿ ಎಂಬ ಸ್ವಂತ ಹೆಸರಿನಲ್ಲಿ ಎಂಜಿನ್ ಎಣ್ಣೆಯನ್ನು ಮಾರುತ್ತಿತ್ತು. ಬೆನ್ನಿನ ಚೀಟಿಯ ಸಣ್ಣಕ್ಷರಗಳಲ್ಲಿ, ಒಂದು ಬಗೆಯದರ ಮೇಲೆ 1988ರ ಅನಂತರದ ಬಹುತೇಕ ಕಾರುಗಳಿಗೂ, ಇನ್ನೊಂದರ ಮೇಲೆ 1930ರ ಅನಂತರದವುಗಳಿಗೂ ಇದು ತಕ್ಕದ್ದಲ್ಲವೆಂದು ಬರೆದಿತ್ತು! ಒಳ್ಳೆಯ ಎಣ್ಣೆಗಳ ಸಾಲಿನಲ್ಲಿಯೇ ಇಟ್ಟು ಇದನ್ನು ಮಾರಿದುದಕ್ಕಾಗಿ ಗ್ರಾಹಕರು ನ್ಯಾಯಾಲಯದ ಮೆಟ್ಟಿಲೇರಿದರು. 2021ರಲ್ಲಿ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ಅದು ಸಂಶ್ಲೇಷಿತ ತೈಲವಾಗಿರಲಿಲ್ಲವೆಂಬುದು ನಿಜ. ಆದರೆ ಡಬ್ಬಿಯ ಮುಖವನ್ನು ಮಾತ್ರ ನೋಡಿ ಕೊಂಡವನಿಗೆ ಆ ವ್ಯತ್ಯಾಸವು ನೆರವಾಗುತ್ತಿರಲಿಲ್ಲ.

ಅಂಗಡಿಯ ಎಣ್ಣೆಯನ್ನು ಹಾಕಿದರೆ ಕಾರಿನ ವಾರಂಟಿ ಕೆಡುವುದೆಂಬ ಭಯವೂ ಹಲವರಿಗಿದೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಪ್ರಕಾರ, ಎಣ್ಣೆಯನ್ನು ಪುಕ್ಕಟೆಯಾಗಿ ಕೊಡದ ಹೊರತು ಇಂತಹ ಹೆಸರಿನದನ್ನೇ ಬಳಸಬೇಕೆಂದು ಕಾರಿನ ತಯಾರಕನು ಒತ್ತಾಯಿಸುವಂತಿಲ್ಲ. ಬೇಕಾದ ದರ್ಜೆಯನ್ನು ಮಾತ್ರ ಅವನು ವಿಧಿಸಬಹುದು. ಕೊಂಡ ರಸೀತಿಗಳನ್ನು ಇಟ್ಟುಕೊಂಡಿದ್ದರೆ ಸಾಕು.

ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಸ್ನಿಗ್ಧತೆಯ ಸಂಕೇತವೂ ಎಪಿಐ ಮುದ್ರೆಯೂ ಕೈಪಿಡಿಯು ಕೇಳಿದ ಅನುಮೋದನೆಯೂ ಮೂರೂ ಹೊಂದಿದ ಮೇಲೆ, ಅಲ್ಲಿಯವರು ಕಡಿಮೆ ಬೆಲೆಯ ಡಬ್ಬಿಯನ್ನೇ ಎತ್ತಿಕೊಳ್ಳಬಹುದು. ಮುದ್ರೆ ಪಡೆದ ಎಣ್ಣೆಗಳನ್ನು ಎಪಿಐ ತಾನೇ ಅಂಗಡಿಗಳಿಂದ ಕೊಂಡು ಪರೀಕ್ಷಿಸುತ್ತಿರುತ್ತದೆ. ಪರವಾನಗಿ ಪಡೆದವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.

ನಮ್ಮಲ್ಲಿಯ ಮಾತು

ಕರ್ನಾಟಕದ ಓದುಗರಿಗೆ ಈ ತೀರ್ಪನ್ನು ಹಾಗೆಯೇ ಒಪ್ಪಿಸಲಾಗದು. ಇಲ್ಲಿ ಎಣ್ಣೆಯನ್ನು ಹೆಚ್ಚಾಗಿ ಕೇಳುವುದು ದ್ವಿಚಕ್ರ ವಾಹನ. ಬೈಕಿನಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಎಣ್ಣೆಯಲ್ಲಿಯೇ ಕ್ಲಚ್ಚಿನ ತಟ್ಟೆಗಳೂ ಮುಳುಗಿರುವುವು. ಕಾರಿಗೆಂದು ಘರ್ಷಣೆಯನ್ನು ವಿಶೇಷವಾಗಿ ತಗ್ಗಿಸಿದ ಉತ್ತಮ ಸಂಶ್ಲೇಷಿತ ತೈಲವನ್ನು ಅಲ್ಲಿ ಹೊಯ್ದರೆ ಕ್ಲಚ್ಚು ಜಾರತೊಡಗಬಹುದು. ಅದಕ್ಕಾಗಿಯೇ ಜಪಾನೀಯರು ರೂಪಿಸಿದ ಜಾಸೊ ಎಂಎ ಎಂಬ ಗುರುತನ್ನು ಬೈಕಿನವರು ನೋಡಿ ಕೊಳ್ಳಬೇಕು. ಡಬ್ಬಿಯ ಬೆಲೆಯು ಈ ಕೊರತೆಯನ್ನು ತುಂಬಲಾರದು.

ಎರಡನೆಯದಾಗಿ, ಇಲ್ಲಿ ಅಂಗಡಿಯ ಹೆಸರಿನ ಡಬ್ಬಿಗಿಂತ ಹೆಚ್ಚಿನ ಅಪಾಯವು ಹೆಸರಾಂತ ಡಬ್ಬಿಯ ನಕಲಿನಿಂದ. ಖಾಲಿಯಾದ ಅಸಲು ಡಬ್ಬಿಗಳನ್ನು ಆಯ್ದು ಕಳಪೆ ಎಣ್ಣೆಯನ್ನು ತುಂಬಿ ಮತ್ತೆ ಮುಚ್ಚಳ ಬಿಗಿದು ಮಾರುವ ದಂಧೆಯಿದೆ. ಅದರ ಮುಂದೆ ಯಾವ ಮುದ್ರೆಯೂ ನಡೆಯದು. ಗ್ಯಾರೇಜಿನಲ್ಲಿ ಎಣ್ಣೆ ಬದಲಿಸುವಾಗ ಡಬ್ಬಿಯ ಸೀಲನ್ನು ನಿಮ್ಮ ಕಣ್ಣೆದುರಿನಲ್ಲಿಯೇ ಒಡೆಯಿಸಿರಿ. ಎಣ್ಣೆ ಹೊಯ್ದಾದ ಮೇಲೆ ಖಾಲಿ ಡಬ್ಬಿಯನ್ನು ಅಲ್ಲಿಯೇ ಬಿಟ್ಟುಬರದೆ, ಮೆಕ್ಯಾನಿಕ್ಕನ ಸ್ಕ್ರೂಡ್ರೈವರನ್ನು ಕೇಳಿ ಪಡೆದು, ಅದರ ತಳಕ್ಕೆ ಒಂದು ತೂತು ಮಾಡಿರಿ.